ಮಡಚುವ ಸೀಟು

ಹನ್ನೆರಡು ವರ್ಷಗಳಲ್ಲಿ ಒಬ್ಬ ಪ್ರವಾಸಿಯನ್ನೂ ನಾನು ಎಲ್ಲೂ ಬಿಟ್ಟು ಬಂದವಳಲ್ಲ. ಹೋದ ತಿಂಗಳವರೆಗೆ ಈ ಮಾತನ್ನು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಈಗಲೂ ಅದು ಸುಳ್ಳಲ್ಲ. ನಾನು ಬಿಟ್ಟು ಬಂದದ್ದು ಪ್ರವಾಸಿಯನ್ನಲ್ಲ, ನನ್ನ ಅತ್ತೆಯನ್ನು.

ನಮ್ಮದು ಬೆಟ್ಟದ ಮೇಲಿನ ಊರು. ಬೆಳಿಗ್ಗೆ ಎಂಟಕ್ಕೆ ಜನರನ್ನು ಬಸ್ಸಿಗೆ ಹತ್ತಿಸಿಕೊಂಡು, ಸುತ್ತಲಿನ ಐದು ಜಾಗ ತೋರಿಸಿ, ಸಂಜೆ ಆರಕ್ಕೆ ಹತ್ತಿದಲ್ಲೇ ಇಳಿಸುವುದು ನಮ್ಮ ಕೆಲಸ. ನನ್ನ ಗಂಡ ಓಡಿಸುತ್ತಾರೆ, ನಾನು ಮೈಕ್ ಹಿಡಿದು ಮಾತಾಡುತ್ತೇನೆ. ಕೆರೆ, ರೋಪ್‌ವೇ, ಜಲಪಾತ, ಹೂವಿನ ತೋಟ, ಸೂರ್ಯಾಸ್ತದ ಕಟ್ಟೆ. ಬಸ್ಸಿಗೆ ಹದಿನೆಂಟು ಸೀಟು. ಪ್ರತಿ ಜಾಗದಿಂದ ಹೊರಡುವಾಗ ಮೊದಲ ಸಾಲಿನಿಂದ ಹಿಡಿದು ಹಿಂದಿನ ಉದ್ದ ಸೀಟಿನವರೆಗೆ ಒಬ್ಬೊಬ್ಬರ ಹೆಗಲ ಹತ್ತಿರ ಸೀಟನ್ನು ಮುಟ್ಟುತ್ತಾ ಎಣಿಸುತ್ತೇನೆ. ಬರಿಗಣ್ಣಲ್ಲಿ ಎಣಿಸಿದರೆ ಮೋಸ ಹೋಗುತ್ತೇವೆ, ಬ್ಯಾಗೂ ತಲೆಯ ಹಾಗೆ ಕಾಣುತ್ತದೆ. ಹಿಂದಿನಿಂದಲೇ "ಹದಿನೆಂಟು" ಎಂದು ಕೂಗುತ್ತೇನೆ, ಗಂಡ ಎರಡು ಸಲ ಹಾರ್ನ್ ಹೊಡೆಯುತ್ತಾರೆ, ಬಾಗಿಲು ಮುಚ್ಚುತ್ತದೆ.

ನಾನು ಹುಟ್ಟಾ ಹೆದರುಪುಕ್ಕಲಿ. ಮನೆಯಿಂದ ಹೊರಡುವಾಗ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮೂರು ಸಲ ನೋಡುತ್ತೇನೆ, ಗೇಟಿನವರೆಗೆ ಬಂದು ನಾಲ್ಕನೆಯ ಸಲಕ್ಕೆ ವಾಪಸು ಹೋಗುತ್ತೇನೆ. ನಿನ್ನ ಹೆದರಿಕೆಯಿಂದಲೇ ನಮ್ಮ ಬಸ್ಸು ಓಡುತ್ತಿದೆ, ಡೀಸೆಲ್ ಹೆಸರಿಗೆ ಮಾತ್ರ ಎಂದು ಗಂಡ ತಮಾಷೆ ಮಾಡುತ್ತಾರೆ. ಇಂಥವಳು ಮರೆತದ್ದು ಹೇಗೆ ಎಂದು ಯಾರೂ ನನ್ನನ್ನು ಕೇಳಬೇಕಾಗಿಲ್ಲ, ನಾನೇ ದಿನಾ ಕೇಳಿಕೊಳ್ಳುತ್ತೇನೆ.

ಡ್ರೈವರ್ ಪಕ್ಕದಲ್ಲಿ, ಬಾಗಿಲಿನ ಬದಿಗೆ, ರಸ್ತೆಗೆ ಮುಖ ಮಾಡಿದ ಇನ್ನೊಂದು ಸೀಟಿದೆ. ಎದ್ದರೆ ತಾನಾಗಿ ಮಡಚಿಕೊಳ್ಳುವಂಥದ್ದು. ಅದಕ್ಕೆ ಟಿಕೆಟ್ ಇಲ್ಲ. ನಮ್ಮ ಪೈಕಿ ಯಾರಾದರೂ ಬಂದರೆ ಅಲ್ಲಿ ಕೂರಿಸುತ್ತೇವೆ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ನನ್ನ ಎಣಿಕೆ ಶುರುವಾಗುವುದು ಅದರ ಹಿಂದಿನ ಸಾಲಿನಿಂದ.

ಆ ದಿನ ಅಲ್ಲಿ ಅತ್ತೆ ಕೂತಿದ್ದರು. ನಲವತ್ತೆಂಟು ವರ್ಷ ರೋಪ್‌ವೇಯ ಬುಡದಲ್ಲೇ ಸಂಸಾರ ಮಾಡಿದ ಹೆಂಗಸು, ಒಂದು ಸಲವೂ ಅದನ್ನು ಹತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ. ಅಂಗಳದಲ್ಲಿ ಬಟ್ಟೆ ಒಣಹಾಕುವಾಗ ತಲೆಯ ಮೇಲೆ ತೊಟ್ಟಿಲುಗಳು ಹೋಗಿಬರುವುದನ್ನು ನೋಡಿದ್ದೇ ನೋಡಿದ್ದು. ರೋಪ್‌ವೇ ಡಬ್ಬಿಗಳಿಗೆ ಊರಿನವರು ತೊಟ್ಟಿಲು ಎನ್ನುತ್ತೇವೆ. ಅದಕ್ಕೆ ಕೆಲವು ದಿನ ಮುಂಚೆ ಪಕ್ಕದ ಮನೆಯಾಕೆ ಹೋಗಿಬಂದು ಮೇಲಿನಿಂದ ನಿಮ್ಮ ಮನೆಯ ನೀರಿನ ಟ್ಯಾಂಕ್ ಕಾಣುತ್ತದೆ, ಅದಕ್ಕೆ ಮುಚ್ಚಳ ಇಲ್ಲ ಎಂದುಬಿಟ್ಟಳು. ಅತ್ತೆಗೆ ಅದು ನಾಟಿತು. ಊರವರಿಗೆಲ್ಲ ತೋರಿಸುತ್ತೀಯ, ನನಗೂ ಒಂದು ದಿನ ತೋರಿಸು ಎಂದರು. ಮಂಡಿ ನೋವು, ಮೆಟ್ಟಿಲು ಜಾಸ್ತಿ, ಚಳಿ ಎಂದೆಲ್ಲ ನಾನು ಹೇಳಿ ನೋಡಿದೆ. ನಿಜವಾದ ಕಾರಣ ಬೇರೆ. ಕೆಲಸದ ಜಾಗದಲ್ಲಾದರೂ ಅತ್ತೆಯಿಲ್ಲದೆ ಇರೋಣ ಎಂದು ನನಗೆ ಆಸೆ.

ಅವರು ಕೆಟ್ಟವರಲ್ಲ. ಆದರೆ ಬಾಯಿ. ಬೆಳಿಗ್ಗೆ ಕೆರೆಯ ದಂಡೆಯಲ್ಲಿ ನಾನು ಮೈಕ್‌ನಲ್ಲಿ, ಈ ಕೆರೆಯ ಆಳವನ್ನು ಇದುವರೆಗೂ ಯಾರೂ ಅಳೆದಿಲ್ಲ ಎನ್ನುತ್ತಿದ್ದೆ. ಹನ್ನೆರಡು ವರ್ಷಗಳಿಂದ ಹೇಳುತ್ತಿರುವ ಮಾತು, ಜನಕ್ಕೆ ಮೈ ಜುಮ್ಮೆನ್ನುತ್ತದೆ. ಮುಂದಿನ ಸೀಟಿನಿಂದ ಅತ್ತೆ ಸಾವಕಾಶವಾಗಿ, ಒಂದು ಬೇಸಿಗೆಯಲ್ಲಿ ನಮ್ಮ ಎಮ್ಮೆ ಅದರ ನಡುವೆ ನಿಂತಿತ್ತು, ಹೊಟ್ಟೆಯೂ ನೆನೆದಿರಲಿಲ್ಲ ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಹಿಂದಿನ ಸೀಟಿನಲ್ಲೊಬ್ಬ ನಿವೃತ್ತ ಮೇಷ್ಟ್ರಿದ್ದರು, ಎಲ್ಲದಕ್ಕೂ ಪ್ರಶ್ನೆ ಕೇಳುವವರು. ಅಲ್ಲಿಂದ ಮುಂದೆ ಅವರ ಪ್ರಶ್ನೆಗಳೆಲ್ಲ ನನ್ನನ್ನು ದಾಟಿ ಅತ್ತೆಗೆ ಹೋಗತೊಡಗಿದವು. ನಾನು ಹಲ್ಲು ಕಚ್ಚಿಕೊಂಡು ನಕ್ಕೆ. ನನ್ನ ಹೊಟ್ಟೆಯೊಳಗೆ ಅಕ್ಕಿ ಹಾಕಿದ್ದರೆ ಬೆಂದಿರುತ್ತಿತ್ತು.

ರೋಪ್‌ವೇ ಬುಡಕ್ಕೆ ಬಂದಾಗ ಚುರುಚುರು ಬಿಸಿಲು. ಅತ್ತೆ ಕಂದು ಶಾಲನ್ನು ಸೀಟಿನ ಬೆನ್ನಿಗೆ ಹೊದಿಸಿ, ಕೈಚೀಲ ಸೀಟಿನ ಮೇಲಿಟ್ಟು, ಕೊಡೆಯನ್ನು ಅದರೊಳಗೆ ತುರುಕಿದ್ದರು. ಇಳಿಯುವಾಗ ಅವುಗಳಿಗೆ ಕೈ ಹಾಕಿದರೆ ನಾನೇ ತಡೆದೆ. ಬಿಸಿಲಿದೆ, ಅದನ್ನೆಲ್ಲ ಹೊತ್ತುಕೊಂಡು ಬರಬೇಡಿ, ಕ್ಯೂನಲ್ಲಿ ನನಗೆ ತಡವಾಗುತ್ತದೆ ಎಂದೆ. ಹೇಳಿದ ರೀತಿ ಸರಿಯಿರಲಿಲ್ಲ, ಅದು ನನಗೆ ಆಗಲೂ ಗೊತ್ತಿತ್ತು.

ಮೇಲೆ ಅವರು ಮಗುವಿನಂತಾದರು. ಕಂಬಿ ಹಿಡಿದು ಬಗ್ಗಿ ಮನೆ ಹುಡುಕಿದರು, ಟ್ಯಾಂಕ್ ಹುಡುಕಿದರು, ಸಿಕ್ಕಿತು ಎಂದು ನಮ್ಮ ಬಸ್ಸಿನಲ್ಲಿದ್ದ ಟೋಪಿಯ ದಂಪತಿಯನ್ನು ಕರೆದು ತೋರಿಸಿದರು. ನಾನು ಎದುರಿನ ಶಿಖರದ ಎತ್ತರ ಹೇಳುತ್ತಿದ್ದರೆ ಜನ ಮುಚ್ಚಳವಿಲ್ಲದ ನಮ್ಮ ಟ್ಯಾಂಕ್ ನೋಡುತ್ತಿದ್ದರು. ಆಗ ನನ್ನ ತಾಳ್ಮೆ ತಪ್ಪಿತು. ಅತ್ತೆಯ ತೋಳು ಹಿಡಿದು, ದೂರದರ್ಶಕ ಇಟ್ಟಿರುವ ಕೋಣೆಯ ಹಿಂದಿನ ಬೆಂಚಿಗೆ ಕರೆದುಕೊಂಡು ಹೋದೆ. ಅಲ್ಲಿ ಗಾಳಿ ಕಡಿಮೆ, ಮಂಡಿಗೂ ಒಳ್ಳೆಯದು ಎಂಬ ನೆಪವಿತ್ತು.

"ಇಲ್ಲೇ ಕೂತಿರಿ. ನಾನೇ ಬಂದು ಕರೆಯೋ ತನಕ ಏಳಬೇಡಿ," ಎಂದೆ.

ಅತ್ತೆ ನನ್ನ ಮುಖ ನೋಡಿದರು. ಸೆರಗು ಸರಿಮಾಡಿಕೊಂಡು ಕೂತರು.

ಇಪ್ಪತ್ತು ನಿಮಿಷದಲ್ಲಿ ಬೆಟ್ಟ ಬಣ್ಣ ಬದಲಾಯಿಸಿತು. ಪಶ್ಚಿಮದಿಂದ ಮಂಜು ಎದ್ದಿತು, ಹಿಂದೆಯೇ ಗಾಳಿ. ನಿಲ್ದಾಣದ ಗೋಡೆಯ ಕೆಂಪು ದೀಪ ಹತ್ತಿ ಗಂಟೆ ಬಾರಿಸತೊಡಗಿತು. ಗಾಳಿ ಮಿತಿ ಮೀರುವ ಮುಂಚೆ ಎಲ್ಲರನ್ನೂ ಕೆಳಗೆ ಇಳಿಸಬೇಕು ಎಂಬುದು ಅದರ ಅರ್ಥ. ಮಕ್ಕಳು ಅತ್ತವು, ದೊಡ್ಡವರು ನುಗ್ಗಿದರು. ನನ್ನ ಜನರನ್ನು ಒಂದು ಕಡೆ ಸೇರಿಸಿ, ಎಂಟೆಂಟು ಮಂದಿಯನ್ನು ಎರಡು ತೊಟ್ಟಿಲಿಗೆ ತುಂಬಿ, ಉಳಿದಿಬ್ಬರ ಜೊತೆ ನಾನು ಕೊನೆಯದರಲ್ಲಿ ಇಳಿದೆ. ಇಡೀ ದಾರಿ ಎಣಿಸುತ್ತಲೇ ಇದ್ದೆ. ಎಂಟು, ಹದಿನಾರು, ಹದಿನೆಂಟು. ಬಸ್ಸಿನಲ್ಲಿ ಮತ್ತೆ ಸೀಟು ಮುಟ್ಟಿ ಎಣಿಸಿದೆ, ಹದಿನೆಂಟು. ಅಷ್ಟು ಗಲಾಟೆಯಲ್ಲೂ ಲೆಕ್ಕ ತಪ್ಪಲಿಲ್ಲ ಎಂದು ನನಗೆ ಜಂಬವೂ ಆಯಿತು. ಎರಡು ಹಾರ್ನ್, ಬಾಗಿಲು.

ಬಸ್ಸು ಹೊರಟಿತು. ನಾನು ಯಾವಾಗಲೂ ನಿಲ್ಲುವಂತೆ ಪ್ರಯಾಣಿಕರ ಕಡೆ ಮುಖ ಮಾಡಿ, ಮಡಚುವ ಸೀಟಿಗೆ ಬೆನ್ನು ಹಾಕಿ ನಿಂತೆ. ಆ ಸೀಟಿಗೆ ಎತ್ತರದ ಬೆನ್ನು, ಅತ್ತೆ ಗಿಡ್ಡ. ಕೂತರೆ ಹಿಂದಿನವರಿಗೆ ಶಾಲಿನ ಅಂಚು ಬಿಟ್ಟರೆ ಬೇರೇನೂ ಕಾಣದು. ಎಣಿಸಿ ಮುಂದೆ ಬರುವಾಗ ಆ ಅಂಚು ನನಗೆ ಕಂಡಿತು. ನನ್ನ ಗಂಡನಿಗೂ ಓರೆಗಣ್ಣಿಗೆ ಶಾಲು ಕಂಡಿತು. ಅಷ್ಟು ದಟ್ಟ ಮಂಜಿನಲ್ಲಿ ಅವರು ರಸ್ತೆಯಿಂದ ಕಣ್ಣು ಕೀಳುವಂತಿರಲಿಲ್ಲ. ತಿರುವುಗಳಲ್ಲಿ ನನ್ನ ಸೊಂಟಕ್ಕೆ ಏನೋ ತಿವಿಯುತ್ತಿತ್ತು. ಅತ್ತೆ ಬೇಕೆಂದೇ ಕೊಡೆಯ ಹಿಡಿಯಿಂದ ತಿವಿಯುತ್ತಿದ್ದಾರೆ, ಕೂರಿಸಿ ಹೋದದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ತಿರುಗಿ ನೋಡಲಿಲ್ಲ.

ಮೈಕ್‌ನಲ್ಲಿ ನಾನು ಹಳೆಯ ಸುರಂಗದ ಕತೆ ಹೇಳಿದೆ. ಯಾರೂ ಅಡ್ಡ ಮಾತಾಡಲಿಲ್ಲ. ಜಲಪಾತದಲ್ಲಿ ಬೀಳುವ ನೀರು ಎಲ್ಲಿಂದ ಬರುತ್ತದೆ ಎಂದು ಹೇಳಿದೆ, ಯಾರೂ ತಿದ್ದಲಿಲ್ಲ. ಬೆಳಿಗ್ಗೆಯಿಂದ ಮೊದಲ ಬಾರಿಗೆ ಬಸ್ಸು ನನ್ನದಾಗಿತ್ತು. ಮುನಿಸಿಕೊಂಡು ಬಾಯಿ ಮುಚ್ಚಿದ್ದಾರೆ, ಇನ್ನೂ ಒಂದೆರಡು ಗಂಟೆ ಹೀಗೇ ಇರಲಿ ಎಂದು ಮನಸ್ಸಿನಲ್ಲೇ ಹಾರೈಸಿದೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಆ ಮೂವತ್ತೈದು ನಿಮಿಷ ನಾನು ಖುಷಿಯಾಗಿದ್ದೆ.

ಜಲಪಾತದ ಹತ್ತಿರ ಬಸ್ಸು ನಿಂತಿತು. ನಾನು ಮೊದಲು ಕೆಳಗಿಳಿದು, ಬಾಗಿಲ ಕಡೆ ಬೆನ್ನು ಮಾಡಿಯೇ ಕೈಯನ್ನು ಹಿಂದಕ್ಕೆ ಚಾಚಿದೆ.

"ಅತ್ತೆ, ಕೈ ಕೊಡಿ. ಮೆಟ್ಟಿಲು ಎತ್ತರ ಇದೆ."

ಕೈ ಬರಲಿಲ್ಲ. ಇನ್ನೂ ಮುನಿಸೇ ಎಂದುಕೊಂಡು ಇನ್ನೊಮ್ಮೆ ಕರೆದೆ. ಆಮೇಲೆ ತಿರುಗಿದೆ. ಸೀಟಿನ ಮೇಲೆ ಕೈಚೀಲ ಇತ್ತು, ಅದರ ಭಾರಕ್ಕೆ ಸೀಟು ಮಡಚಿಕೊಳ್ಳದೆ ಹಾಗೇ ಇತ್ತು. ಶಾಲು ಅದರ ಬೆನ್ನಿಗಿತ್ತು. ಕೊಡೆಯ ಹಿಡಿ ಚೀಲದಿಂದ ಸೀಟಿನ ಪಕ್ಕಕ್ಕೆ, ನಾನು ನಿಲ್ಲುವ ಕಡೆಗೆ ಚಾಚಿಕೊಂಡಿತ್ತು.

ಸ್ಟಿಯರಿಂಗ್ ಹಿಂದಿನಿಂದ ಗಂಡ ಮೊದಲು ಸೀಟು ನೋಡಿದರು, ಆಮೇಲೆ ನನ್ನನ್ನು. ನಾನು ಅತ್ತೆಯ ನಂಬರಿಗೆ ಫೋನ್ ಮಾಡಿದೆ. ಅದು ಕೈಚೀಲದೊಳಗೇ ಬಡಿದುಕೊಂಡಿತು.

ರೋಪ್‌ವೇಯ ಮೇಲಿನ ನಿಲ್ದಾಣದ ಆಪರೇಟರ್ ನನಗೆ ಹಳೆಯ ಪರಿಚಯ. ಅವನಿಗೆ ಫೋನ್ ಹಚ್ಚಿದೆ. ಗಾಳಿಯ ಸದ್ದಿನ ನಡುವೆ ಅವನು, ಎಲ್ಲರನ್ನೂ ಕಳಿಸಿ ಆಯಿತು ಮೇಡಂ, ಹಾಲ್ ಖಾಲಿ, ನಾನೂ ಇಳಿಯುವ ತಯಾರಿಯಲ್ಲಿದ್ದೇನೆ ಎಂದ. ಕೋಣೆಯ ಹಿಂದೆ ಬೆಂಚು ನೋಡು ಎನ್ನುವಷ್ಟರಲ್ಲಿ ಲೈನ್ ಹೋಯಿತು. ಮತ್ತೆ ಮಾಡಿದರೆ ಸಿಗಲಿಲ್ಲ. ಕೆಳಗಿನ ನಿಲ್ದಾಣಕ್ಕೆ ಮಾಡಿದೆ. ಅರ್ಧ ಗಂಟೆಯಲ್ಲಿ ನಾನೂರು ಜನ ಇಳಿದಿದ್ದಾರೆ, ಅದರಲ್ಲಿ ಅಜ್ಜಿಯರು ಎಷ್ಟೋ ಇದ್ದರು, ನಿಮ್ಮವರು ಇದ್ದರೂ ಇರಬಹುದು ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಗಂಡ ಇಂಜಿನ್ ಆರಿಸಿಯೇ ಇರಲಿಲ್ಲ. ಪ್ರಯಾಣಿಕರ ಕಡೆ ತಿರುಗಿ, ನಮ್ಮ ತಾಯಿ ಮೇಲೆ ಉಳಿದಿದ್ದಾರೆ, ನಾನು ವಾಪಸು ಹೋಗಬೇಕು, ಇಲ್ಲಿ ಇಳಿಯುವವರು ಇಳಿಯಬಹುದು, ಆಮೇಲೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದರು. ಟೋಪಿಯ ದಂಪತಿ ಪರಸ್ಪರ ಮುಖ ನೋಡಿಕೊಂಡರು. ಮೇಷ್ಟ್ರು ಹಿಂದಿನಿಂದ, ನೀರು ಎಲ್ಲೂ ಓಡಿ ಹೋಗುವುದಿಲ್ಲ, ನಡೀರಿ ಎಂದರು. ಒಬ್ಬರೂ ಇಳಿಯಲಿಲ್ಲ. ಅಷ್ಟು ಹೊತ್ತಿಗೆ ನಾನು ಎಣಿಸುವುದನ್ನೂ ಮರೆತಿದ್ದೆ.

ಆ ಮೂವತ್ತೈದು ನಿಮಿಷದ ದಾರಿ ನಲವತ್ತೈದಾಯಿತು. ಮಂಜು ಬಸ್ಸಿನ ಮೂತಿಯವರೆಗೆ ಬಂದಿತ್ತು. ಮುಂದೊಂದು ಮರದ ದಿಮ್ಮಿಯ ಲಾರಿ ತೆವಳುತ್ತಿತ್ತು, ದಾಟಲು ಜಾಗವಿಲ್ಲ. ನಾನು ಮಡಚುವ ಸೀಟಿನಲ್ಲಿ ಅತ್ತೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನನ್ನ ತಲೆ ಆ ಬೆಟ್ಟದ ತುದಿಯನ್ನು ಅಂಗುಲ ಅಂಗುಲವಾಗಿ ಹುಡುಕುತ್ತಿತ್ತು. ಬೆಂಚಿನಿಂದ ಹತ್ತು ಹೆಜ್ಜೆ ಬಲಕ್ಕೆ ಹೋದರೆ ಕಂಬಿ ಮುಗಿಯುತ್ತದೆ. ಅಲ್ಲೊಂದು ಚಪ್ಪಟೆ ಬಂಡೆ, ಫೋಟೋ ತೆಗೆಸಿಕೊಳ್ಳಲು ಜನ ಹೋಗುತ್ತಾರೆ, ಹೋಗಬೇಡಿ ಎಂದು ನಾನು ದಿನಾ ಗಂಟಲು ಹರಿದುಕೊಳ್ಳುತ್ತೇನೆ. ಅತ್ತೆಗೆ ಹೇಳಿರಲಿಲ್ಲ. ಮಂಜಿನಲ್ಲಿ ನಿಲ್ದಾಣ ಯಾವ ಕಡೆ ಎಂದು ತಿಳಿಯದೆ ಎದ್ದು ನಡೆದಿದ್ದರೆ? ನಡೆದೇ ಇಳಿಯುತ್ತೇನೆ ಎಂದು ಕಾಲುದಾರಿ ಹಿಡಿದಿದ್ದರೆ? ಆ ದಾರಿಗೆ ಒಂದು ಸಾವಿರದ ಮುನ್ನೂರು ಮೆಟ್ಟಿಲು. ಅವರ ಮಂಡಿ ನಮ್ಮ ಮನೆಯ ಮೂರು ಮೆಟ್ಟಿಲಿಗೇ ಗೊಣಗುತ್ತದೆ.

ಇನ್ನೊಂದು ಹೆದರಿಕೆಯೂ ಇತ್ತು, ಹೇಳಲು ನಾಚಿಕೆ. ಸೊಸೆ ಅತ್ತೆಯನ್ನು ಬೆಟ್ಟದ ತುದಿಯಲ್ಲಿ ಬಿಟ್ಟು ಬಂದಳು. ಈ ಒಂದು ಸಾಲು ಸಾಕು, ಊರಿನ ಬಾಯಿಗೆ ವರ್ಷಕ್ಕಾಗುವಷ್ಟು ಮೇವು. ಪಕ್ಕದ ಮನೆಯಾಕೆ ಟ್ಯಾಂಕಿನ ಮುಚ್ಚಳ ಮರೆತು ಇದನ್ನೇ ಹಿಡಿದುಕೊಳ್ಳುತ್ತಾಳೆ. ಯಾರೂ ಏನೂ ಅನ್ನುವ ಮುಂಚೆಯೇ ನಾನು ಅವರಿಗೆಲ್ಲ ಉತ್ತರ ತಯಾರು ಮಾಡುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಬೇಕೆಂದು ಬಿಡಲಿಲ್ಲ. ಆದರೆ ಅವರು ಇಲ್ಲದ ಬಸ್ಸು ಚೆನ್ನಾಗಿದೆ ಎಂದು ಅನಿಸಿದ್ದು ನಿಜ, ಅನಿಸಿದ ಹೊತ್ತಿನಲ್ಲಿ ಅವರು ಇಲ್ಲದೇ ಇದ್ದದ್ದೂ ನಿಜ.

ಲಾರಿ ಪಕ್ಕಕ್ಕೆ ಸರಿದ ಮೇಲೆ ಗಂಡ ಮೊದಲ ಸಲ ನನ್ನ ಜೊತೆ ಮಾತಾಡಿದರು.

"ಮೇಲೆ ಅಮ್ಮನಿಗೆ ಏನಾದ್ರೂ ಅಂದ್ಯಾ?"

"ನಾನು ಬಂದು ಕರೆಯೋ ತನಕ ಏಳಬೇಡಿ ಅಂದೆ."

ಅವರು ಗೇರ್ ಬದಲಾಯಿಸಿದರು. "ಹದಿನೈದು ವರ್ಷದಲ್ಲಿ ನಿನ್ನ ಒಂದು ಮಾತೂ ಕೇಳಿದವಳಲ್ಲ ಅವಳು," ಎಂದರು. ಅದು ಸಮಾಧಾನವೋ ಭಯವೋ ನನಗೆ ತಿಳಿಯಲಿಲ್ಲ. ಅವರಿಗೂ ತಿಳಿದಿರಲಿಲ್ಲ ಎಂದು ಕಾಣುತ್ತದೆ. ಒಂದೇ ಸಮನೆ ವೈಪರ್ ಆಡುತ್ತಿತ್ತು. ಇದೊಂದು ಸಲ, ಇದೊಂದೇ ಸಲ ನನ್ನ ಮಾತು ಕೇಳಿರಲಿ ಎಂದು ನಾನು ಬೇಡಿಕೊಂಡೆ.

ಕೆಳಗಿನ ನಿಲ್ದಾಣದಲ್ಲಿ ಟಿಕೆಟ್ ಕಿಟಕಿ ಮುಚ್ಚಿತ್ತು, ಹಗ್ಗ ನಿಂತಿತ್ತು. ಬಸ್ಸು ಪೂರ್ತಿ ನಿಲ್ಲುವ ಮುಂಚೆ ನಾನು ಹಾರಿ, ಶಾಲು ಹಿಡಿದುಕೊಂಡು ಯಂತ್ರದ ಕೋಣೆಗೆ ಓಡಿದೆ. ಅಲ್ಲಿನ ಮೇಲ್ವಿಚಾರಕರು ನಿಲ್ದಾಣದ ಫೋನು ಕಿವಿಗಿಟ್ಟುಕೊಂಡು ಯಾರಿಗೋ ಬೈಯುತ್ತಿದ್ದರು. ನನ್ನನ್ನು ನೋಡಿ ಅದನ್ನು ಕೆಳಗಿಟ್ಟು, ನಿಮ್ಮವರೇನಾ ಎಂದರು.

ಬಾಗಿಲು ಹಿಡಿದುಕೊಂಡು ನಿಂತೆ. ಮೇಲೆಯೇ ಇದ್ದಾರೆ ಎಂದರು. ನಾನು ಫೋನ್ ಮಾಡಿದ ಮೇಲೆ ಆಪರೇಟರ್‌ಗೆ ಯಾಕೋ ಅನುಮಾನ ಬಂದು ಸುತ್ತ ನೋಡಿದ್ದಾನೆ, ಕೋಣೆಯ ಹಿಂದೆ ಬೆಂಚಿನ ಮೇಲೆ ಮುದುಡಿ ಕೂತಿದ್ದ ಅಜ್ಜಿ ಸಿಕ್ಕಿದ್ದಾರೆ. ಅವರನ್ನು ಕಂಡು ಮುಕ್ಕಾಲು ಗಂಟೆಯ ಹತ್ತಿರ ಆಗಿದೆ. ಎಷ್ಟು ಕರೆದರೂ ಏಳುತ್ತಿಲ್ಲ. ಹೊತ್ತುಕೊಂಡು ಬಾ ಎಂದರೆ ಕೂಗಾಡುತ್ತಾರಂತೆ. ಸೊಸೆ ಬಂದು ಕರೆಯುವ ತನಕ ಏಳುವುದಿಲ್ಲ ಎಂದು ಒಂದೇ ಹಟ.

ನನ್ನನ್ನು ಮೇಲೆ ಕಳಿಸಿ ಎಂದೆ. ಅವರು ಗೋಡೆಯ ಮೇಲೆ ಗಾಳಿಯ ವೇಗ ತೋರಿಸುವ ಮಾಪಕದ ಮುಳ್ಳು ತೋರಿಸಿದರು. ಅದು ಕೆಂಪಿನೊಳಗೆ ನಿಂತು ನಡುಗುತ್ತಿತ್ತು. ಮುಳ್ಳು ಹಳದಿಗೆ ಬರದೆ ತೊಟ್ಟಿಲು ಬಿಡುವ ಹಾಗಿಲ್ಲ ಎಂಬ ನಿಯಮ ನನಗೂ ಗೊತ್ತು, ದಿನಾ ಮೈಕ್‌ನಲ್ಲಿ ಹೇಳುವವಳೇ ನಾನು. ನಿಮ್ಮ ಸುರಕ್ಷತೆಗಾಗಿ ಎನ್ನುತ್ತೇನೆ. ಮಾತು ಎಷ್ಟು ಸಲೀಸು. ಹಿಂದೆ ನನ್ನ ಗಂಡ ಬಂದು ನಿಂತಿದ್ದರು, ಅವರ ಹಿಂದೆ ಮೇಷ್ಟ್ರು, ಟೋಪಿಯವರು, ಉಳಿದವರು. ಎಲ್ಲರೂ ಆ ಮುಳ್ಳನ್ನೇ ನೋಡುತ್ತಿದ್ದೆವು. ಹಾಲು ಉಕ್ಕುವುದನ್ನು ಕಾಯುವವರ ಹಾಗೆ ಕಣ್ಣು ಮಿಟುಕಿಸದೆ ನಿಂತಿದ್ದೆವು.

ಹದಿನೇಳು ನಿಮಿಷ. ಮುಳ್ಳು ಹಳದಿಗೆ ಜಾರಿತು, ಮತ್ತೆ ಕೆಂಪು, ಮತ್ತೆ ಹಳದಿ. ಅಲ್ಲೇ ನಿಂತಿತು. ಮೇಲ್ವಿಚಾರಕರು ನನ್ನ ಮುಖ ನೋಡಿದರು, ಆಮೇಲೆ ಹ್ಯಾಂಡಲ್ ಮೇಲೆ ಕೈಯಿಟ್ಟರು. ಗಂಡ ತೊಟ್ಟಿಲೊಳಗೆ ಬರಲು ಹೊರಟರು, ಭಾರ ಹೆಚ್ಚಾಗುವುದು ಬೇಡ, ಒಬ್ಬರೇ ಎಂದು ಮೇಲ್ವಿಚಾರಕರು ತಡೆದರು. ನಾನೇ ಹೋಗಬೇಕು ಎಂದೆ. ಅತ್ತೆ ನಾನು ಹೇಳಿದ್ದಕ್ಕೆ ಕೂತಿದ್ದಾರೆ, ಮಗ ಕರೆದರೂ ಏಳುವುದಿಲ್ಲ.

ಸಾವಿರಾರು ಸಲ ಹೋಗಿಬಂದ ದಾರಿ ಅದು. ಅಂದು ಒಬ್ಬಳೇ ಇದ್ದೆ. ತೊಟ್ಟಿಲು ಎಡಕ್ಕೆ ವಾಲಿ, ನಿಂತು, ಬಲಕ್ಕೆ ವಾಲಿತು. ನಾಲ್ಕನೆಯ ಕಂಬದ ಹತ್ತಿರ ಹಗ್ಗ ಸ್ವಲ್ಪ ಹೊತ್ತು ನಿಂತೇಬಿಟ್ಟಿತು. ಕೆಳಗೆ ಏನೂ ಕಾಣುತ್ತಿರಲಿಲ್ಲ, ಮೇಲೆಯೂ ಇಲ್ಲ. ನಾನು ಶಾಲನ್ನು ಎದೆಗೆ ಅವುಚಿಕೊಂಡು ಕಣ್ಣು ಮುಚ್ಚಿದೆ. ಅದರಲ್ಲಿ ಅತ್ತೆಯ ಮಂಡಿಯ ಎಣ್ಣೆಯ ವಾಸನೆ ಇತ್ತು. ಮನೆಯಲ್ಲಿ ಆ ವಾಸನೆಗೆ ಮೂಗು ಮುರಿಯುವವಳು ನಾನು.

ಅವರು ಬೆಂಚಿನ ಮೇಲೆ ನಾನು ಕೂರಿಸಿದ ಕಡೆಯೇ ಇದ್ದರು. ಒಂದು ಗೇಣೂ ಸರಿದಿರಲಿಲ್ಲ. ಆಪರೇಟರ್‌ನ ದಪ್ಪ ಕೋಟು ಮೈಮೇಲಿತ್ತು, ಅವನು ಬರೀ ಅಂಗಿಯಲ್ಲಿ ಪಕ್ಕದಲ್ಲಿ ನಿಂತು ಕೈ ಉಜ್ಜಿಕೊಳ್ಳುತ್ತಿದ್ದ. ಅತ್ತೆಯ ತುಟಿ ಬಣ್ಣಗೆಟ್ಟಿತ್ತು. ಕೂದಲ ಮೇಲೆಲ್ಲ ಹನಿ. ನನ್ನನ್ನು ಕಂಡು ಅವರು ಮೊದಲು ಮಾತಾಡಿದ್ದು ಅವನ ಜೊತೆ.

"ಹೇಳಿಲ್ವಾ ನಾನು, ಬರ್ತಾಳೆ ಅಂತ? ಹನ್ನೆರಡು ವರ್ಷದಲ್ಲಿ ಒಬ್ಬರನ್ನೂ ಬಿಟ್ಟು ಹೋದವಳಲ್ಲ ನನ್ನ ಸೊಸೆ."

ಶಾಲು ಹೊದಿಸಿದೆ, ತಲೆ ಒರೆಸಿದೆ, ಕೈಗಳನ್ನು ನನ್ನ ಕೈಯೊಳಗೆ ಉಜ್ಜಿದೆ. ಅವು ಬಾವಿಯಿಂದ ತೆಗೆದ ಕೊಡದಷ್ಟು ತಣ್ಣಗಿದ್ದವು. ಆಪರೇಟರ್ ನನ್ನ ಕಡೆ ಸಿಟ್ಟಿನಿಂದಲೇ ನೋಡಿ, ನಿಮ್ಮ ಮೇಲೆ ಎಂಥ ನಂಬಿಕೆ ಮೇಡಂ ಇವರದ್ದು ಎಂದ. ತಾವು ಇಳಿದ ಮೇಲೆ ನಾನು ಹುಡುಕಿಕೊಂಡು ಬಂದರೆ, ಈ ಗಾಳಿಯಲ್ಲಿ ನಾನು ಕಂಗಾಲಾಗುತ್ತೇನೆ ಎಂದು ಅತ್ತೆ ಎದ್ದಿರಲಿಲ್ಲವಂತೆ. ಅವನ ಮಾತು ಮುಗಿಯುವ ತನಕ ನಾನು ತಲೆ ಎತ್ತಲಿಲ್ಲ.

"ಏಳಿ ಅತ್ತೆ," ಎಂದೆ.

ಅಷ್ಟು ಹೇಳಿದ ಮೇಲೆ ಎದ್ದರು.

ಇಳಿಯುವಾಗ ಆಪರೇಟರ್ ಬಾಗಿಲ ಬಳಿ ನಿಂತಿದ್ದ, ನಾವಿಬ್ಬರೂ ಎದುರು ಮೂಲೆಯಲ್ಲಿ ಮೈಗೆ ಮೈ ತಾಗಿಸಿ ಕೂತಿದ್ದೆವು. ಅತ್ತೆ ಸ್ವಲ್ಪ ಹೊತ್ತು ನಡುಗಿದರು, ಆಮೇಲೆ ನಡುಕ ಕಡಿಮೆಯಾಯಿತು. ಕಿಟಕಿಯ ಗಾಜಿನ ಕಡೆ ನೋಡುತ್ತಾ ಮೆಲ್ಲಗೆ ಕೇಳಿದರು.

"ಎಲ್ಲೀ ತನಕ ಹೋಗಿದ್ರಿ?"

ಕೆಳಗೇ ಇದ್ದೆವು, ಗಾಳಿ ನಿಲ್ಲಲಿ ಎಂದು ಕಾದೆವು ಎನ್ನಬಹುದಿತ್ತು. ಆ ಸುಳ್ಳು ನಾಲಗೆಯ ತುದಿಗೂ ಬಂದಿತ್ತು. ಅವರು ನಂಬುತ್ತಿದ್ದರು, ಅದೇ ನನಗೆ ಭಯವಾಯಿತು.

"ಜಲಪಾತದ ತನಕ."

ಅತ್ತೆ ತಲೆಯಾಡಿಸಿದರು. ತೊಟ್ಟಿಲು ಒಂದು ಕಂಬ ದಾಟಿತು.

"ಅಷ್ಟು ದೂರ ನನ್ನ ಬಾಯಿ ಕೇಳಿಸ್ಲಿಲ್ಲ. ನಿನಗೆ ಏನೂ ಅನಿಸ್ಲಿಲ್ವಾ?"

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಏನಾದರೂ ಎದುರು ಹೇಳುತ್ತಿದ್ದೆನೇನೋ. ಮುನಿಸಿಕೊಂಡಿದ್ದೀರಿ ಎಂದುಕೊಂಡೆ ಎಂದೆ. ಅವರು ಹೌದಾ ಎಂದು, ಶಾಲಿನ ಅಂಚು ಎಳೆದುಕೊಂಡರು. ನಾನು ಅತ್ತೆ ಅತ್ತೆ ಎಂದು ಅವರ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟೆ. ಮದುವೆಯಾಗಿ ಹದಿನೈದು ವರ್ಷಕ್ಕೆ ಮೊದಲ ಸಲ. ಆಪರೇಟರ್ ಪಾಪ, ಕಾಣದ ಬೆಟ್ಟವನ್ನು ನೋಡುತ್ತಾ ನಿಂತ.

ಕೆಳಗೆ ಎಲ್ಲರೂ ಕಾಯುತ್ತಿದ್ದರು. ಬಾಗಿಲು ತೆಗೆದೊಡನೆ ನನ್ನ ಗಂಡ ಅಮ್ಮನನ್ನು ಅಪ್ಪಿಕೊಂಡರು, ಜನರ ಎದುರು ಹಾಗೆ ಮಾಡುವವರಲ್ಲ. ಏನಾಯಿತಮ್ಮಾ ಎಂದು ಮೇಷ್ಟ್ರು ಕೇಳಿದರು, ಅವರ ಪ್ರಶ್ನೆಯ ಚಟ ಎಲ್ಲಿ ಹೋಗುತ್ತದೆ. ಹದಿನೆಂಟು ಜನ, ಮೇಲ್ವಿಚಾರಕರು, ಯಂತ್ರದ ಕೋಣೆಯವರು, ಎಲ್ಲರ ಕಣ್ಣೂ ಅತ್ತೆಯ ಮೇಲೆ. ನಾನು ನೆಲ ನೋಡಿದೆ.

"ಅವಳು ಬಾ ಅಂತಾನೇ ಕರೆದ್ಲು. ನಾನೇ ಇನ್ನೂ ಸ್ವಲ್ಪ ಹೊತ್ತು ನೋಡ್ಬೇಕು ಅಂತ ಕೂತುಬಿಟ್ಟೆ," ಎಂದರು ಅತ್ತೆ. "ನನ್ನಿಂದ ನಿಮಗೆಲ್ಲ ತಡ ಆಯ್ತು."

ಮಂಜಿನಲ್ಲಿ ಏನು ನೋಡಿದಿರಿ ಎಂದು ಯಾರೂ ಕೇಳಲಿಲ್ಲ, ಮೇಷ್ಟ್ರೂ ಕೇಳಲಿಲ್ಲ. ಗಂಡ ಒಮ್ಮೆ ನನ್ನತ್ತ ನೋಡಿದರು. ಈ ಮಾತನ್ನು ಅವರು ನಂಬಿಲ್ಲ ಎಂದು ಆ ನೋಟದಲ್ಲೇ ಗೊತ್ತಾಯಿತು.

ಬಸ್ಸಿನಲ್ಲಿ ಅತ್ತೆಯನ್ನು ಮಡಚುವ ಸೀಟಿನಲ್ಲಿ ಕೂರಿಸಿ ಶಾಲು ಸುತ್ತಿದೆ, ಕೈಚೀಲವನ್ನು ಅವರ ತೊಡೆಯ ಮೇಲಿಟ್ಟೆ. ಟೋಪಿಯವರು ತಮ್ಮ ಫ್ಲಾಸ್ಕಿನಿಂದ ಬಿಸಿ ಚಹಾ ಬಗ್ಗಿಸಿ ಕೊಟ್ಟರು. ಎಣಿಸಲು ನಿಂತೆ. ಕೈ ಎಂದಿನಂತೆ ಮೊದಲ ಸಾಲಿನ ಕಡೆ ಹೋಯಿತು, ಅಲ್ಲಿಂದ ಹಿಂದಕ್ಕೆ ಬಂದು ಅತ್ತೆಯ ಹೆಗಲ ಮೇಲೆ ಕೂತಿತು. ಒಂದು ಎಂದೆ. ಅಲ್ಲಿಂದ ಶುರುಮಾಡಿ ಕೊನೆಯಲ್ಲಿ ಹತ್ತೊಂಬತ್ತು ಎಂದು ಕೂಗಿದೆ. ಗಂಡ ಎರಡು ಸಲ ಹಾರ್ನ್ ಹೊಡೆದರು.

ಅಂದು ಉಳಿದ ಜಾಗಗಳಲ್ಲಿ ಜಲಪಾತವೊಂದನ್ನು ಬಿಟ್ಟರೆ ಬೇರೇನನ್ನೂ ತೋರಿಸಲಾಗಲಿಲ್ಲ. ಯಾರೂ ದೂರಲಿಲ್ಲ. ವಾಪಸು ಬರುವಾಗ ಮಂಜು ಹರಿದು ಎಳೆ ಬಿಸಿಲು ಬಂತು. ಸುರಂಗದ ಕತೆಯನ್ನು ಮತ್ತೊಮ್ಮೆ ಹೇಳಿ ಎಂದು ಮೇಷ್ಟ್ರು ಕೇಳಿದರು. ಹೇಳತೊಡಗಿದೆ. ಸುರಂಗ ತೋಡುವಾಗ ಬೆಟ್ಟದೊಳಗಿನಿಂದ ಗಂಟೆಯ ಸದ್ದು ಕೇಳಿಸಿತು ಎಂದರೆ, ಅತ್ತೆ ನನ್ನ ಬೆನ್ನ ಹಿಂದಿನಿಂದ, ಅದು ಕೆಲಸದವರಿಗೆ ಊಟಕ್ಕೆ ಬಾರಿಸುತ್ತಿದ್ದ ತಗಡು ಎಂದರು. ಬಸ್ಸು ನಕ್ಕಿತು, ನಾನೂ ನಕ್ಕೆ. ತೋಡಲು ಮೂರು ವರ್ಷ ಹಿಡಿಯಿತು ಎಂದೆ. ಐದು ಎಂದರು ಅತ್ತೆ.

ಆಮೇಲೆ, ಎರಡೂ ಕಡೆಯಿಂದ ತೋಡುತ್ತಾ ಬಂದವರು ನಡುವೆ ಕೈ ಕುಲುಕಿದರು ಎಂಬ ಜಾಗಕ್ಕೆ ಬಂದೆ. ಅಲ್ಲಿ ಅತ್ತೆ ಏನಾದರೂ ಹೇಳಿಯೇ ಹೇಳುತ್ತಾರೆ ಎಂದು ಒಂದು ಕ್ಷಣ ನಿಲ್ಲಿಸಿದೆ. ಏನೂ ಬರಲಿಲ್ಲ. ತಿರುವಿನಲ್ಲಿ ಕೊಡೆಯ ಹಿಡಿ ಸೊಂಟಕ್ಕೆ ತಿವಿಯಿತು.

ಮಾತನ್ನು ಅರ್ಧಕ್ಕೆ ಬಿಟ್ಟು ಸರಕ್ಕನೆ ತಿರುಗಿದೆ. ಅತ್ತೆ ಬಾಯಿ ಸ್ವಲ್ಪ ತೆರೆದುಕೊಂಡು ನಿದ್ದೆ ಹೋಗಿದ್ದರು. ಶಾಲು ಏರಿ ಇಳಿಯುತ್ತಿತ್ತು. ಆದರೂ ಕೈಯನ್ನು ಮೂಗಿನ ಹತ್ತಿರ ಹಿಡಿದು, ಉಸಿರು ಬಿಸಿಯಾಗಿ ತಾಗಿದ ಮೇಲೇ ತೆಗೆದೆ. ಹಿಂದೆ ಹದಿನೆಂಟು ಜನ ಕತೆಯ ಉಳಿದರ್ಧಕ್ಕೆ ಕಾಯುತ್ತಿದ್ದರು. ಅತ್ತೆ ಎದ್ದ ಮೇಲೆ ಹೇಳುತ್ತೇನೆ ಎಂದು ನಾನು ಮೈಕ್ ಆರಿಸಿದೆ.